ಮಗನ ಪಾಲಿನ ಗೋಡೆ

ಕಣ್ಣಿನ ಪೊರೆ ತೆಗೆಸಿಕೊಂಡು, ಕಟ್ಟು ಬಿಚ್ಚಿಸಿಕೊಂಡು, ಕಪ್ಪು ಕನ್ನಡಕ ಏರಿಸಿಕೊಂಡು ಮೊದಲ ಸಲ ಭಾನುವಾರದ ಆರಾಧನೆಗೆ ಬಂದ ದೊಡ್ಡಮ್ಮ, ಚರ್ಚಿನ ಒಳಗೆ ಹೋಗುವುದು ಬಿಟ್ಟು ಹೊರಗಿನ ಗೋಡೆಯ ಮುಂದೆ ನಿಂತುಬಿಟ್ಟಳು. ಕನ್ನಡಕ ತೆಗೆದಳು, ಒರೆಸಿದಳು, ಮತ್ತೆ ಹಾಕಿಕೊಂಡಳು. ಎಡಕ್ಕೆ ಹೋಗಿ ನೋಡಿದಳು, ಬಲಕ್ಕೆ ಬಂದು ನೋಡಿದಳು. ಒಳಗೆ ಮೊದಲ ಕೀರ್ತನೆ ಇನ್ನೂ ಎರಡನೆಯ ಚರಣಕ್ಕೂ ಬಂದಿರಲಿಲ್ಲ, ಇಡೀ ಬೀದಿಗೆ ಕೇಳುವ ಹಾಗೆ ಕೂಗಿಕೊಂಡಳು.

"ಅಯ್ಯೋ ಕರ್ತನೇ! ನನ್ನ ಗೋಡೆ ಕದ್ದುಬಿಟ್ಟಿದಾರಲ್ಲಪ್ಪಾ!"

ಕಿಟಕಿಯ ಪಕ್ಕ ಕೂತವರು ಹಾಡುತ್ತಲೇ ಕತ್ತು ಹೊರಗೆ ಚಾಚಿದರು. ಸೊಸೆ ಓಡಿಬಂದಳು.

"ಅತ್ತೆ, ಗೋಡೆನ ಯಾರಾದ್ರೂ ಕದೀತಾರಾ? ಅಲ್ಲೇ ನಿಂತಿದೆಯಲ್ಲ!"

ಆಪರೇಷನ್ ಆದಾಗಿನಿಂದ ಸೊಸೆಗೆ ಇಂಥ ಕೂಗು ಹೊಸದಲ್ಲ. ಮಂಜುಗಣ್ಣಿಗೆ ಇಷ್ಟು ವರ್ಷ ಕಾಣದಿದ್ದದ್ದೆಲ್ಲ ಈಗ ಅತ್ತೆಗೆ ಕಾಣುತ್ತಿತ್ತು. ಬೀರುವಿನ ಮೇಲಿನ ಧೂಳು ಕಂಡಿತು, ಪಾತ್ರೆಯ ತಳದ ಮಸಿ ಕಂಡಿತು, ಮಗನ ತಲೆಯ ಬಿಳಿಕೂದಲೂ ಕಂಡಿತು. "ಡಾಕ್ಟರು ಅತ್ತೆಗೆ ಕಣ್ಣು ಕೊಟ್ರು, ನನ್ನ ನೆಮ್ಮದಿ ಕಿತ್ಕೊಂಡ್ರು" ಎಂದು ಪಕ್ಕದ ಮನೆಯವಳ ಹತ್ತಿರ ಹೇಳಿಕೊಂಡಿದ್ದಳು. ಆದರೆ ಇವತ್ತಿನ ಕೂಗು ಧೂಳಿನ ಕೂಗಲ್ಲ ಎಂದು ಅವಳಿಗೂ ತಿಳಿಯಿತು.

ಈ ಗೋಡೆಯ ವಿಷಯ ಹೇಳದೆ ಮುಂದೆ ಹೋದರೆ ದೊಡ್ಡಮ್ಮನಿಗೆ ತಲೆ ಕೆಟ್ಟಿದೆ ಎಂದು ನೀವು ಅಂದುಕೊಂಡೀರಿ. ಅದಕ್ಕೇ ಹೇಳುತ್ತೇನೆ, ಸ್ವಲ್ಪ ತಾಳಿ.

ಆ ಚರ್ಚನ್ನು ಕಟ್ಟಿದವರು ಸಾಹುಕಾರರಲ್ಲ. ಮೂಟೆ ಹೊರುವವರು, ತಗಡು ಬಡಿಯುವವರು, ಬಟ್ಟೆ ಹೊಲಿಯುವವರು, ಕಂಡವರ ಮನೆಯಲ್ಲಿ ಪಾತ್ರೆ ತೊಳೆಯುವವರು. ಕೆಲಸಗಾರರನ್ನು ಕರೆಸಿ ಕಟ್ಟಿಸುವ ಶಕ್ತಿ ಯಾರಿಗೂ ಇರಲಿಲ್ಲ. ಹಾಗಾಗಿ ನೆಲದಿಂದ ಸೂರಿನ ತನಕ ಗೋಡೆಯನ್ನು ಪಟ್ಟಿ ಪಟ್ಟಿಯಾಗಿ ಹಂಚಿಕೊಂಡು, ಒಂದೊಂದು ಮನೆಯವರು ಒಂದೊಂದು ಪಟ್ಟಿ ಕಟ್ಟಿದರು. ಕೆಲಸ ಗೊತ್ತಿದ್ದವರದು ನೆಟ್ಟಗೆ ಬಂತು, ಗೊತ್ತಿಲ್ಲದವರದು ಹೊಟ್ಟೆ ಮುಂದಕ್ಕೆ ಬಂತು. ಸಂಜೆಯ ಓರೆ ಬಿಸಿಲಿನಲ್ಲಿ ನೋಡಿದರೆ ಆ ಗೋಡೆಯಲ್ಲಿ ಎಷ್ಟು ಮನೆ ಉಂಟೋ ಅಷ್ಟು ಉಬ್ಬುತಗ್ಗು ಈಗಲೂ ಕಾಣುತ್ತದೆ. ಆದರೆ ಒಂದು ಇಟ್ಟಿಗೆ ಅಲ್ಲಾಡಿಲ್ಲ. ನೂರು ವರ್ಷ ದಾಟಿ ಇಪ್ಪತ್ತೈದಾಗುತ್ತಾ ಬಂದರೂ ಅಲ್ಲಾಡಿಲ್ಲ, ಹೇಳುತ್ತೇನಲ್ಲ! ದೊಡ್ಡ ದೊಡ್ಡ ಕಟ್ಟಡಗಳ ಬಾಗಿಲಲ್ಲಿ ಇಂಥವರ ಉದಾರ ಕೊಡುಗೆ ಅಂತ ಕಲ್ಲು ಕೆತ್ತಿಸಿರುತ್ತಾರೆ. ಇಲ್ಲಿ ಅಂಥ ಕಲ್ಲು ಹುಡುಕಿದರೂ ಸಿಗುವುದಿಲ್ಲ.

ಆಗಿನಿಂದ ಒಂದು ಪದ್ಧತಿ ಬೆಳೆದುಬಂತು. ಪ್ರತಿ ವರ್ಷ ಚರ್ಚಿನ ಸಭೆಯ ಹುಟ್ಟುಹಬ್ಬದ ಹಿಂದಿನ ವಾರ, ಆಯಾ ಮನೆಯವರು ತಮ್ಮ ಪಟ್ಟಿಗೆ ತಾವೇ ಸುಣ್ಣ ಬಳಿಯಬೇಕು. ಪಟ್ಟಿಯ ಗಡಿ ತಿಳಿಯಲು ಬುಡದಲ್ಲಿ ಒಂದೊಂದು ಕಬ್ಬಿಣದ ಮೊಳೆ. ಇನ್ನೊಬ್ಬರ ಪಾಲನ್ನು ಕೇಳದೆ ಮುಟ್ಟುವ ಹಾಗಿಲ್ಲ. ಅವರೇ ಬಾಯಿ ಬಿಟ್ಟು ಕೇಳಿದರೆ ಇಲ್ಲ ಅನ್ನುವ ಹಾಗಿಲ್ಲ. ಯಾರೋ ಹೆತ್ತಿದ್ದಾರೆ, ಯಾರಿಗೋ ಕೈ ಮುರಿದಿದೆ ಎಂದರೆ ಒಂದು ಮಾತು ಹೇಳಿ ಕಳಿಸಿದರೆ ಸಾಕು, ಬ್ರಷ್ಷುಗಳು ತಾವಾಗಿ ಬಂದು ನಿಲ್ಲುತ್ತಿದ್ದವು. ಸುಣ್ಣ ಬಳಿಯುವುದಕ್ಕೆ ಮಾತ್ರ ಅಲ್ಲ. ಆ ಸಭೆಯಲ್ಲಿ ಕಾಯಿಲೆ ಬಿದ್ದವರು ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟರೆ ಪಕ್ಕದ ಸ್ಟೂಲಿನ ಮೇಲೆ ಯಾರೋ ಒಬ್ಬರು ತೂಕಡಿಸುತ್ತಾ ಕೂತೇ ಇರುತ್ತಿದ್ದರು. ಹೊಸ ಪಾದ್ರಿಯವರು ಬಂದ ಹೊಸದರಲ್ಲಿ, "ಇಲ್ಲಿ ನಾನು ಪ್ರಸಂಗ ಮಾಡೋದೇನಿದೆ, ಇವರನ್ನ ನೋಡಿ ಕಲಿಯೋದೇ ಬೇಕಾದಷ್ಟಿದೆ" ಎಂದಿದ್ದರು. ಪ್ರಸಂಗ ಮಾತ್ರ ಮುಕ್ಕಾಲು ಗಂಟೆಗಿಂತ ಕಡಿಮೆ ಮಾಡಲಿಲ್ಲ, ಆ ಮಾತು ಬೇರೆ.

ದೊಡ್ಡಮ್ಮನ ಗಂಡ ಗಾರೆ ಕೆಲಸದ ಮೇಸ್ತ್ರಿ. ಅವರ ಪಟ್ಟಿ ಇರುವುದು ಗೋಡೆಯ ಅತಿ ಎತ್ತರದ ಕಡೆ, ಮಾಡಿನ ಎರಡು ಇಳಿಜಾರು ಕೂಡುವ ಜಾಗದಲ್ಲಿ. ಮಗ ದೊಡ್ಡವನಾಗಿ ವೆಲ್ಡಿಂಗ್ ಕಲಿತು, ನೀರಿನ ಟ್ಯಾಂಕುಗಳ ಮೇಲೆ ಬೆಕ್ಕಿನ ಹಾಗೆ ಓಡಾಡುವಂತಾದ ಮೇಲೆ ಅಪ್ಪ ಮಗ ಪಾಲು ಮಾಡಿಕೊಂಡರು. ಕೈಗೆ ಎಟುಕುವವರೆಗೆ ಅಪ್ಪನದು, ಅಲ್ಲಿಂದ ಮೇಲೆ ಮಗನದು. ಆರು ವರ್ಷದ ಹಿಂದೆ ಸುಣ್ಣ ಬಳಿಯುವ ಶನಿವಾರ ಮಗ ಕೆಲಸದಿಂದ ಬರುವುದು ತಡವಾಯಿತು. ಕಲಸಿದ ಸುಣ್ಣ ಕಾಯುತ್ತದೆಯೇ ಎಂದು ಮೇಸ್ತ್ರಿ ತಾನೇ ಏಣಿ ಹತ್ತಿದ. ಮೇಲಿಂದ ಬಿದ್ದವನು ಸೊಂಟ ಮುರಿದುಕೊಂಡು ಮಲಗಿದ, ಮತ್ತೆ ಏಳಲಿಲ್ಲ.

ಮಲಗಿದ್ದಷ್ಟು ದಿನವೂ ಸಭೆಯವರು ಆ ಮನೆಯನ್ನು ಹೊತ್ತುಕೊಂಡರು. ನರ್ಸಮ್ಮ ದಿನಾ ಬೆಳಿಗ್ಗೆ ಬಂದು ಮೈ ಒರೆಸಿ ಮಗ್ಗುಲು ಬದಲಾಯಿಸಿ ಹೋಗುತ್ತಿದ್ದಳು. ಬೇಕರಿಯವನು ಬಾಗಿಲ ಹಿಡಿಗೆ ಬ್ರೆಡ್ಡಿನ ಚೀಲ ಸಿಕ್ಕಿಸಿ, ಥ್ಯಾಂಕ್ಸ್ ಹೇಳಿಸಿಕೊಳ್ಳಬೇಕಾದೀತು ಎಂದು ಕಳ್ಳನ ಹಾಗೆ ಓಡುತ್ತಿದ್ದ. ಹೆಣ ಹೊರುವಾಗ ಹೆಗಲಿಗೆ ಹೆಗಲು ಜಾಸ್ತಿಯಾಯಿತೇ ಹೊರತು ಕಡಿಮೆಯಾಗಲಿಲ್ಲ. ಮಗ ಇದನ್ನೆಲ್ಲ ಕಂಡವನೇ. ಬೈಯೋಣ ಎಂದರೆ ಬೈಯಲು ಒಬ್ಬರೂ ಸಿಗದೆ, ಕೊನೆಗೆ ಗೋಡೆಯನ್ನೇ ಬೈದ. "ನಮ್ಮಪ್ಪನ್ನ ತಿಂದ ಗೋಡೆ ಅದು. ಆ ಕಾಂಪೌಂಡಿಗೆ ನಾನು ಕಾಲಿಡಲ್ಲ" ಎಂದ. ಇಡಲೂ ಇಲ್ಲ. ಭಾನುವಾರ ಅಮ್ಮನನ್ನೂ ಹೆಂಡತಿಯನ್ನೂ ಬೀದಿಯ ತಿರುವಿನಲ್ಲಿ ಇಳಿಸಿ ಸ್ಕೂಟರ್ ತಿರುಗಿಸಿಕೊಂಡು ಹೋಗುತ್ತಿದ್ದ.

ಅವನು ಯಾರ ಮೇಲೆ ಸಿಟ್ಟು ಮಾಡಿಕೊಂಡಿದ್ದಾನೆ ಎಂದು ಹೆತ್ತವಳಿಗೆ ಗೊತ್ತಿರುವುದಿಲ್ಲವೇ? ಗೊತ್ತಿತ್ತು, ತಡವಾಗಿ ಬಂದ ತನ್ನ ಮೇಲೇ ಅವನ ಸಿಟ್ಟು. ಒಂದು ದಿನವೂ ಬಾಯಿ ಬಿಡಲಿಲ್ಲ. ಆದರೆ ಪ್ರತಿ ವರ್ಷ ಗಂಡನ ಪಾಲನ್ನು ಕೈಗೆ ಎಟುಕುವವರೆಗೆ ತಾನೇ ಬಳಿದು, ಮೇಲಿನದನ್ನು ಹಾಗೇ ಬಿಟ್ಟಳು. ಮಳೆ ಬಂತು, ಪಾಚಿ ಬಂತು, ಬೀದಿಯ ಹೊಗೆ ಕೂತಿತು. ಇಡೀ ಚರ್ಚು ಬೆಳ್ಳಗೆ, ಮೇಲಿನ ಆ ಒಂದು ತುಂಡು ಮಾತ್ರ ಕಪ್ಪಗೆ. ಬಳಿದುಕೊಡಿ ಎಂದು ದೊಡ್ಡಮ್ಮ ಯಾರನ್ನೂ ಕೇಳಲಿಲ್ಲ, ಕೇಳದೆ ಮುಟ್ಟುವ ಹಾಗಿಲ್ಲ ಎಂದು ಯಾರೂ ಮುಟ್ಟಲಿಲ್ಲ.

ಮುಟ್ಟಲಿಲ್ಲ ಎಂದು ಅವಳು ನಂಬಿದ್ದಳು. ಇವತ್ತು ಹೊಸ ಕಣ್ಣಿನಲ್ಲಿ ನೋಡಿದರೆ, ಬುಡದಲ್ಲಿ ಮೊಳೆಯಿಂದ ಮೊಳೆಗೆ ಗಡಿ ಸರಿಯಾಗಿಯೇ ಇದೆ, ಮೇಲಕ್ಕೆ ಹೋಗುತ್ತಾ ಹೋಗುತ್ತಾ ಕಪ್ಪು ಎರಡೂ ಕಡೆಯಿಂದ ಸವೆದು, ಒಬ್ಬ ಮನುಷ್ಯ ಅಡ್ಡ ನಿಂತರೆ ಮುಚ್ಚಿಹೋಗುವಷ್ಟು ಉಳಿದಿದೆ.

ಆರಾಧನೆ ಮುಗಿಯುವವರೆಗೂ ದೊಡ್ಡಮ್ಮ ಒಂದು ಹಾಡನ್ನೂ ಹಾಡಲಿಲ್ಲ. ಮುಗಿದ ತಕ್ಷಣ ಮೆಟ್ಟಿಲ ಮೇಲೆ ನಿಂತು, "ನನ್ನ ಗೋಡೆ ಯಾರು ತಿಂದಿದಾರೋ ಅವರಿಗೇ ಗೊತ್ತು" ಎಂದಳು. ಯಾರ ಹೆಸರನ್ನೂ ಎತ್ತಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ, ಎಡಗಡೆಯ ಪಟ್ಟಿಯ ಬೇಕರಿಯವನು ಕೂಡಲೇ ಮುಂದೆ ಬಂದ.

"ನನ್ನ ಬ್ರಷ್ ಸ್ವಲ್ಪ ಅಗಲ ದೊಡ್ಡಮ್ಮ. ಒಂದೊಂದ್ಸಲ ಜಾರಿಬಿಡತ್ತೆ."

"ಆರು ವರ್ಷನೂ ಒಂದೇ ಕಡೆಗೆ ಜಾರತ್ತಾ? ನಿನ್ನ ಅಂಗಡಿ ಬ್ರೆಡ್ ಯಾವತ್ತೂ ಜಾರಿ ದೊಡ್ಡದಾಗಿದ್ದು ನೋಡಿಲ್ವಲ್ಲ ನಾನು!"

ಸುತ್ತ ನಿಂತವರು ನಕ್ಕರು. ಬೇಕರಿಯವನ ಕಿವಿ ಕೆಂಪಾಯಿತು. ಅವನು ದಪ್ಪ ಮನುಷ್ಯ, ಕುರ್ಚಿಯ ಮೇಲೆ ಹತ್ತಿ ಬಲ್ಬ್ ಬದಲಾಯಿಸಲೂ ಹೆದರುವವನು. ವರ್ಷಕ್ಕೊಮ್ಮೆ ಏಣಿ ಹತ್ತುವುದೇ ಅವನಿಗೆ ದೊಡ್ಡ ತಪಸ್ಸು. ಅಂಥವನು ಕೈ ಚಾಚಿ ಚಾಚಿ ಪಕ್ಕದವರ ಪಾಲಿಗೂ ಬಳಿದಿದ್ದಾನೆ ಎಂದರೆ ಸುಮ್ಮನೆ ಜಾರಿದ್ದಲ್ಲ ಎಂದು ಯಾರಿಗಾದರೂ ತಿಳಿಯುತ್ತದೆ.

ಬಲಗಡೆಯ ಪಟ್ಟಿ ನರ್ಸಮ್ಮನದು. ಅವಳಿಗೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿ ಗೊತ್ತಿಲ್ಲ.

"ಹೌದು, ನಾನೂ ಬಳಿದೆ. ಉದ್ದ ಕೋಲಿಗೆ ಬ್ರಷ್ ಕಟ್ಟಿ ಬೇಕು ಅಂತಲೇ ಬಳಿದೆ" ಎಂದಳು. "ಎಷ್ಟು ಅಂತ ನೋಡೋದು ಅದನ್ನ? ಪ್ರತಿ ಭಾನುವಾರ ಬಾಗಿಲಿಗೆ ಬರೋವಾಗ ಕಣ್ಣಿಗೆ ಚುಚ್ಚತ್ತೆ. ಮೇಸ್ತ್ರಿ ನೆನಪಾಗ್ತಾರೆ. ನಿನ್ನ ಕೇಳೋ ಧೈರ್ಯ ಯಾರಿಗಿತ್ತು? ಅದಕ್ಕೆ ವರ್ಷಕ್ಕೊಂದು ಗೇಣು, ವರ್ಷಕ್ಕೊಂದು ಗೇಣು. ನಿನಗೆ ಕಣ್ಣು ಕಾಣಲ್ವಲ್ಲ ಅಂತ."

"ನನಗೆ ಕಣ್ಣು ಕಾಣಲ್ಲ ಅಂತ! ಬೆರಳು ತೋರಿಸಿದ್ರೆ ಹಸ್ತ ನುಂಗೋರು ನೀವು!"

"ನುಂಗಿದ್ದು ನಿನ್ನ ಕಷ್ಟ ಕಣೇ, ನಿನ್ನ ಆಸ್ತಿ ಅಲ್ಲ."

ಅಲ್ಲಿಗೆ ದೊಡ್ಡಮ್ಮನ ಜೋರು ಇಳಿಯಿತು. ಮೆಟ್ಟಿಲ ಮೇಲೇ ಕೂತುಬಿಟ್ಟಳು. ಇಷ್ಟು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡದ್ದನ್ನು ಆಗ ಹೊರಗೆ ಹಾಕಿದಳು.

"ಅದು ಕಷ್ಟ ಅಲ್ಲ ನರ್ಸಮ್ಮ. ಅದು ನನ್ನ ಮಗನ ಪಾಲು. ಅದು ಕಪ್ಪಗಿರೋ ತನಕ ಅವನಿಗೆ ಇಲ್ಲಿ ಒಂದು ಕೆಲಸ ಬಾಕಿ ಇದೆ. ಯಾವತ್ತಾದ್ರೂ ಬರ್ತಾನೆ, ಬಂದಾಗ ಅವನ ಜಾಗ ಖಾಲಿ ಇರಬೇಕು. ನೀವೇ ಬಳಿದು ಮುಗಿಸಿಬಿಟ್ರೆ ಅವನು ಬಂದು ಏನು ಮಾಡ್ತಾನೆ? ಬೆಂಚಿನ ಮೇಲೆ ಕೂತ್ಕೊಂಡು ಹೋಗೋಕೆ ಅವನು ನೆಂಟನಾ?"

ಬೇಕರಿಯವನು ಕೈಯಲ್ಲಿದ್ದ ಕೀರ್ತನೆ ಪುಸ್ತಕವನ್ನು ತೆರೆದು ಮುಚ್ಚಿ ಮಾಡಿದ. ಕೊನೆಗೆ ಗಂಟಲು ಸರಿಮಾಡಿಕೊಂಡವನು ಗಡಿಯಾರದಣ್ಣ. ಗಡಿಯಾರ ರಿಪೇರಿ ಅವನ ಕಸುಬು, ಸಭೆಯ ಕಾರ್ಯದರ್ಶಿಯ ಕೆಲಸ ಅವನ ಹೆಗಲ ಭಾರ. ಎರಡರಲ್ಲೂ ಒಂದು ಹಲ್ಲು ಹೆಚ್ಚುಕಮ್ಮಿಯಾಗುವುದು ಅವನಿಗೆ ಆಗದು.

"ದೊಡ್ಡಮ್ಮ, ತಪ್ಪು ತಿಳಿಯಬೇಡಿ. ಈ ಸಲ ನೂರಿಪ್ಪತ್ತೈದು. ಬೇರೆ ಬೇರೆ ಸಭೆಗಳಿಂದ ಜನ ಬರ್ತಾರೆ. ಗೋಡೆ ಹೀಗಿದ್ರೆ ನಿಮ್ಮವರೊಬ್ಬರನ್ನ ನೀವೇ ಕೈಬಿಟ್ರಾ ಅಂತ ಕೇಳ್ತಾರೆ. ಶನಿವಾರ ಮಧ್ಯಾಹ್ನದ ತನಕ ಕಾಯೋಣ. ಆಮೇಲೆ ನೀವೇ ಒಂದು ಮಾತು ಹೇಳಿಬಿಡಿ, ನಾವು ಮುಗಿಸ್ತೀವಿ. ನೀವು ಹೇಳದೆ ಮುಟ್ಟಲ್ಲ."

ಅವನ ಮಾತಿನಲ್ಲೂ ನ್ಯಾಯ ಇತ್ತು. ಅದೇ ದೊಡ್ಡಮ್ಮನಿಗೆ ಬಿಸಿತುಪ್ಪವಾಯಿತು, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಮಗನೇ ಕೇಳಿದ. "ಏನಮ್ಮ, ಮುಖ ಹೀಗ್ಯಾಕಿದೆ? ಕಣ್ಣು ನೋಯ್ತಿದ್ಯಾ?"

"ಕಣ್ಣು ಚೆನ್ನಾಗೇ ಇದೆ. ಚೆನ್ನಾಗಿರೋದೇ ತೊಂದರೆ."

ಮಗನನ್ನು ಬಾ ಎಂದು ಅವಳು ಇಷ್ಟು ವರ್ಷ ಕರೆದಿರಲಿಲ್ಲ. ಅವನ ಪಾಲು ಹಾಗೇ ಉಳಿದಿದೆ ಎಂದೂ ಹೇಳಿರಲಿಲ್ಲ. ಕೈಹಿಡಿದು ಎಳೆದುಕೊಂಡು ಬಂದರೆ ಅದು ಸೇವೆ ಹೇಗಾಗುತ್ತದೆ, ಬಿಟ್ಟಿ ಚಾಕರಿಯಾಗುತ್ತದೆ ಎನ್ನುವುದು ಅವಳ ಹಟ. ಇವತ್ತೂ ಬಾ ಎನ್ನಲಿಲ್ಲ. ಆದರೆ ದುಃಖ ಬಾಯಿಗೆ ಬೀಗ ಹಾಕಿದರೆ ನಿಲ್ಲುತ್ತದೆಯೇ?

"ಅಪ್ಪನ ಗೋಡೆನ ಆ ಕಡೆಯವರು ಈ ಕಡೆಯವರು ಸೇರಿ ಸವೆಸಿದಾರೆ. ಉಳಿದಿದ್ದನ್ನ ಶನಿವಾರ ಬಳೀತಾರಂತೆ."

ಮಗನ ಕೈ ತಟ್ಟೆಯಲ್ಲೇ ನಿಂತಿತು. ಸೊಸೆ ಇವನ ಮುಖ, ಅವಳ ಮುಖ ನೋಡಿದಳು. ಒಂದು ಕ್ಷಣ ಅವನು ಏನೋ ಕೇಳುತ್ತಾನೆ ಎಂದು ದೊಡ್ಡಮ್ಮ ಉಸಿರು ಹಿಡಿದಳು.

"ಒಳ್ಳೇದೇ ಆಯ್ತು. ಬಳಿದುಬಿಡಲಿ. ಒಂದು ಸಲ ಮುಗಿದುಹೋಗಲಿ ಅತ್ಲಾಗೆ" ಎಂದ ಮಗ. ತಟ್ಟೆ ತೆಗೆದುಕೊಂಡು ಎದ್ದುಹೋದ.

ಗಂಡ ಸತ್ತ ದಿನ ಅತ್ತಿದ್ದಳಲ್ಲ, ಅಷ್ಟು ಅಳು ಬಂತು ದೊಡ್ಡಮ್ಮನಿಗೆ. ಕಣ್ಣಿಗೆ ನೀರು ಸೋಕಬಾರದು ಎಂದು ಡಾಕ್ಟರು ಹೇಳಿದ್ದು ನೆನಪಾಗಿ, ಅತ್ತರೆ ಆ ನೀರು ಲೆಕ್ಕಕ್ಕೆ ಉಂಟೋ ಇಲ್ಲವೋ ಗೊತ್ತಾಗದೆ, ತಲೆ ಮೇಲೆತ್ತಿಕೊಂಡು ಸೂರು ನೋಡುತ್ತಾ ಕೂತಳು. ಸೊಸೆ ಬಂದು ಪಕ್ಕದಲ್ಲಿ ಕೂತಳು. ಧೂಳಿನ ವಿಷಯಕ್ಕೆ ಎಷ್ಟೇ ಜಗಳವಾಡಲಿ, ಆ ಹುಡುಗಿ ಒಳ್ಳೆಯವಳು. ಅತ್ತೆಯ ಕೈ ಹಿಡಿದುಕೊಂಡಳು.

ಆ ವಾರವೆಲ್ಲ ದೊಡ್ಡಮ್ಮ ಮನಸ್ಸಿನಲ್ಲೇ ಕೂಡಿದಳು, ಕಳೆದಳು. ಶುಕ್ರವಾರ ಸಂಜೆಯ ಹೊತ್ತಿಗೆ ಒಂದು ತೀರ್ಮಾನಕ್ಕೆ ಬಂದಳು. ಅವನೇ ಮುಗಿದುಹೋಗಲಿ ಎಂದ ಮೇಲೆ ತಾನು ಯಾರಿಗಾಗಿ ಜಾಗ ಹಿಡಿದುಕೊಂಡು ಕೂತಿರಬೇಕು? ತನ್ನೊಬ್ಬಳ ಹಟಕ್ಕೆ ಇಡೀ ಸಭೆ ತಲೆ ತಗ್ಗಿಸಬೇಕೇ? ಮೊದಲ ಇಟ್ಟಿಗೆ ಇಟ್ಟವರು ತಮ್ಮ ಮನೆಯನ್ನಷ್ಟೇ ನೋಡಿಕೊಂಡಿದ್ದರೆ ಆ ಗೋಡೆ ಮೇಲೇಳುತ್ತಿತ್ತೇ? ಸಾಕು, ಕೇಳಿಬಿಡುತ್ತೇನೆ ಎಂದುಕೊಂಡಳು. ಕೇಳುವುದರಲ್ಲಿ ಅವಮಾನ ಏನೂ ಇಲ್ಲ ಎಂದು ತನಗೆ ತಾನೇ ಹೇಳಿಕೊಂಡಳು, ಆದರೂ ಎದೆಯ ಮೇಲೆ ಒರಳುಕಲ್ಲು ಇಟ್ಟ ಹಾಗಿತ್ತು.

ಶನಿವಾರ ಬೆಳಿಗ್ಗೆ ಏನೂ ತಿನ್ನದೆ, ಗಂಡನ ಅಗಲ ಬ್ರಷ್ಷನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟಳು. ಅದನ್ನು ಬೇಕರಿಯವನ ಕೈಗೆ ಕೊಟ್ಟು, ನೀನೇ ಮುಗಿಸಪ್ಪ ಎಂದು ಹೇಳಿ ಬರುವುದು ಎಂದು ಲೆಕ್ಕ.

ಕಾಂಪೌಂಡಿಗೆ ಕಾಲಿಟ್ಟರೆ, ಬೇಕರಿಯವನು ಆಗಲೇ ಏಣಿಯ ಮೇಲಿದ್ದ. ಕೆಳಗೆ ಗಡಿಯಾರದಣ್ಣ ಏಣಿ ಹಿಡಿದಿದ್ದ. ಮಧ್ಯಾಹ್ನದ ತನಕ ಕಾಯುತ್ತೇವೆ ಎಂದವರು, ನೀವು ಹೇಳದೆ ಮುಟ್ಟಲ್ಲ ಎಂದವರು, ಬೆಳಗಾಗುವುದರೊಳಗೆ ಶುರುಮಾಡಿಬಿಟ್ಟರಲ್ಲ! ಬಾಯಿ ತೆರೆದು ಕೂಗಬೇಕು ಎನ್ನುವಷ್ಟರಲ್ಲಿ ಅವಳ ಹೊಸ ಕಣ್ಣಿಗೆ ಇನ್ನೊಂದು ಕಂಡಿತು. ಗೋಡೆ ಬೆಳ್ಳಗಾಗುತ್ತಿರಲಿಲ್ಲ. ಕಪ್ಪು ಅಗಲವಾಗುತ್ತಿತ್ತು.

ಬೇಕರಿಯವನ ಕೈಯಲ್ಲಿ ಇದ್ದದ್ದು ಬ್ರಷ್ ಅಲ್ಲ, ಬೇಕರಿಯ ತಟ್ಟೆ ಕೆರೆಯುವ ತಗಡು. ಪರ್ ಪರ್ ಎಂದು ಸುಣ್ಣ ಕೆರೆಯುತ್ತಿದ್ದ. ಬಿಳಿ ಹಕ್ಕಳೆ ಕೆಳಗೆ ಉದುರಿ ಗಡಿಯಾರದಣ್ಣನ ತಲೆ, ಹುಬ್ಬು, ಮೀಸೆ ಎಲ್ಲ ಬೆಳ್ಳಗಾಗಿತ್ತು. ಬಲಗಡೆಯಲ್ಲಿ ನರ್ಸಮ್ಮ ಕೋಲಿನ ತುದಿಗೆ ತಂತಿಯ ಬ್ರಷ್ ಕಟ್ಟಿಕೊಂಡು ತನ್ನ ಪಾಲು ಆಗಲೇ ಕೆರೆದು ಮುಗಿಸಿದ್ದಳು. ಉಳಿದ ಪಟ್ಟಿಗಳವರು ತಮ್ಮ ತಮ್ಮ ಬಕೆಟ್ಟು ಬಿಟ್ಟು ಬಂದು ಸುತ್ತ ನಿಂತಿದ್ದರು. ಪಾದ್ರಿಯವರು ಅಂಗಿಯ ತೋಳು ಮಡಚಿ ಉದುರಿದ್ದನ್ನು ಗುಡಿಸುತ್ತಿದ್ದರು.

"ಏನೋ ಮಾಡ್ತಿದೀಯಾ?" ಎಂದಳು ದೊಡ್ಡಮ್ಮ. ಧ್ವನಿ ಅವಳಿಗೇ ಸರಿಯಾಗಿ ಕೇಳಲಿಲ್ಲ.

ಬೇಕರಿಯವನು ಕೆಳಗೆ ನೋಡಲಿಲ್ಲ. ನೋಡಿದರೆ ತಲೆ ತಿರುಗುತ್ತದೆ. ಗೋಡೆಗೆ ಮುಖ ಒತ್ತಿಕೊಂಡೇ ಉತ್ತರ ಕೊಟ್ಟ. "ವಾಪಸ್ ಕೊಡ್ತಿದೀನಿ ದೊಡ್ಡಮ್ಮ. ಕೇಳದೆ ತಗೊಂಡಿದ್ದು."

"ಬುದ್ಧಿ ಇದ್ಯೇನೋ ನಿನಗೆ? ನಾಳೆ ಜನ ಬರ್ತಾರೆ!"

"ಬರಲಿ" ಎಂದ ಗಡಿಯಾರದಣ್ಣ, ಮೀಸೆಯಿಂದ ಸುಣ್ಣ ಊದಿಕೊಳ್ಳುತ್ತಾ. "ಮೊನ್ನೆ ಎಲ್ಲರೂ ಕೂತು ಮಾತಾಡಿದ್ವಿ. ಯಾರೋ ಬರ್ತಾರೆ ಅಂತ ನಮ್ಮ ಹುಡುಗನ ಜಾಗ ಮುಚ್ಚೋದಾ? ನಾನೇ ಅವತ್ತು ಹಾಗೆ ಹೇಳಿದ್ದು, ನಾನೇ ಮಾತು ವಾಪಸ್ ತಗೊಂಡೆ. ಯಾಕೆ ಕಪ್ಪಗಿದೆ ಅಂತ ಕೇಳಿದ್ರೆ, ಒಬ್ಬ ಬರೋದು ಬಾಕಿ ಇದೆ ಅಂತೀವಿ. ಈ ವರ್ಷ ಬರಲಿಲ್ಲ ಅಂದ್ರೆ ಮುಂದಿನ ವರ್ಷ. ನಾವು ಸತ್ರೆ ನಮ್ಮ ಮಕ್ಕಳು ಕಾಯ್ತಾರೆ."

ಇಂಥ ಜನ ಎಲ್ಲಾದರೂ ಉಂಟೇ! ನೂರಿಪ್ಪತ್ತೈದರ ಹಬ್ಬಕ್ಕೆ ಊರೆಲ್ಲ ಗೋಡೆ ಬೆಳ್ಳಗೆ ಮಾಡಿದರೆ, ಇವರು ಬೆಳ್ಳಗಿದ್ದದ್ದನ್ನು ಕೆರೆದು ಕಪ್ಪು ಮಾಡುತ್ತಿದ್ದಾರೆ! ದೊಡ್ಡಮ್ಮ ಕೈಯಲ್ಲಿದ್ದ ಬ್ರಷ್ಷನ್ನು ಮುಂದೆ ಚಾಚಿದಳು. "ಬೇಡ ಕಣ್ರಪ್ಪ. ಅವನು ಬರಲ್ಲ. ಅವನ ಬಾಯಿಂದಲೇ ಕೇಳಿಸ್ಕೊಂಡೆ. ನಾನೇ ಕೇಳ್ತಿದೀನಿ, ತಗೊಳ್ಳಿ, ಬಳಿದುಬಿಡಿ. ಕೇಳಿದ್ರೆ ಇಲ್ಲ ಅನ್ನಬಾರದು ತಾನೇ?"

ಗಡಿಯಾರದಣ್ಣ ಕೈ ನೀಡಲಿಲ್ಲ. ನರ್ಸಮ್ಮ ನೀಡಲಿಲ್ಲ. ಸುತ್ತ ನಿಂತವರಲ್ಲಿ ಒಬ್ಬರೂ ನೀಡಲಿಲ್ಲ. ಆ ಗೋಡೆ ಎದ್ದಾಗಿನಿಂದ ಕೇಳಿದವರಿಗೆ ಇಲ್ಲ ಎಂದದ್ದು ಅದೇ ಮೊದಲು.

"ಇದೊಂದು ಬಿಟ್ಟು ಬೇರೆ ಏನಾದ್ರೂ ಕೇಳು" ಎಂದಳು ನರ್ಸಮ್ಮ. ಅವಳ ಕಣ್ಣೂ ತುಂಬಿತ್ತು.

ಅಷ್ಟರಲ್ಲಿ ಗೇಟಿನ ಹತ್ತಿರ ಸ್ಕೂಟರ್ ನಿಂತ ಸದ್ದಾಯಿತು. ಅತ್ತೆ ಹಸಿದ ಹೊಟ್ಟೆಯಲ್ಲಿ ಮಾವನ ಬ್ರಷ್ ಹಿಡಿದುಕೊಂಡು ಹೋಗಿದ್ದಾರೆ ಎಂದು ಸೊಸೆ ಫೋನ್ ಮಾಡಿದ್ದಳು. ಮಗ ವರ್ಕ್‌ಶಾಪಿನಿಂದಲೇ ಊಟದ ಡಬ್ಬಿ ಹಿಡಿದುಕೊಂಡು ಬಂದಿದ್ದ. ಡಬ್ಬಿಯನ್ನು ಗೇಟಿನಲ್ಲೇ ಕೊಟ್ಟು ಹೋಗುವ ಉದ್ದೇಶ. ಯಾರಾದರೂ ಕಾಣುತ್ತಾರೋ ಎಂದು ಇಣುಕಿದವನಿಗೆ ಕಂಡದ್ದು ಏಣಿ.

"ಇಳೀರೀ!" ಎಂದು ಕಿರುಚಿದ. ಎಲ್ಲರೂ ಬೆಚ್ಚಿದರು. "ಇಳೀರಿ ಕೆಳಗೆ! ಏಣಿ ಕಾಲು ಮೆತ್ತಗಿರೋ ಮಣ್ಣಲ್ಲಿದೆ, ಕಾಣಲ್ವಾ? ಯಾವ ತಲೆಕೆಟ್ಟವನು ಹೀಗೆ ಇಟ್ಟಿದ್ದು?"

ಡಬ್ಬಿ ಗೇಟಿನಲ್ಲೇ ಬಿತ್ತು. ಓಡಿಬಂದವನು ಏಣಿಯನ್ನು ಎರಡು ಕೈಯಲ್ಲಿ ತಬ್ಬಿ ಹಿಡಿದ. ಬೇಕರಿಯವನು ಹಿಟ್ಟಿನ ಬಣ್ಣಕ್ಕೆ ತಿರುಗಿದ ಮುಖ ಹೊತ್ತುಕೊಂಡು ಒಂದೊಂದೇ ಮೆಟ್ಟಿಲು ತಡಕಿ ಇಳಿದ. ಇಳಿದ ಮೇಲೂ ಮಗ ಏಣಿ ಬಿಡಲಿಲ್ಲ. ಅವನ ಎದೆ ಏದುಸಿರಿಗೆ ಏರಿ ಇಳಿಯುತ್ತಿತ್ತು. ತಾನು ಕಾಂಪೌಂಡಿನ ಒಳಗೆ ಇದ್ದೇನೆ ಎನ್ನುವುದು ಅವನಿಗೆ ಗೊತ್ತಾದದ್ದೇ ಆಮೇಲೆ.

ತಲೆ ಎತ್ತಿ ನೋಡಿದ. ಎರಡೂ ಕಡೆ ಬಿಳಿ, ಕೆಳಗೆ ಬಿಳಿ, ನಡುವೆ ಅಗಲವಾಗಿ, ಸೂರಿನ ತನಕ ಕಪ್ಪು.

"ಇದ್ಯಾಕೆ ಹೀಗಿದೆ?"

ನರ್ಸಮ್ಮನೇ ಹೇಳಿದಳು. "ನಿನ್ನ ಪಾಲು ಕಣೋ. ಆರು ವರ್ಷದಿಂದ ನಿಮ್ಮಮ್ಮ ಯಾರಿಗೂ ಮುಟ್ಟೋಕೆ ಬಿಟ್ಟಿಲ್ಲ. ನಾವು ಕದ್ದು ಬಳಿದಿದ್ವಿ, ಈಗ ಕೆರೆದು ಕೊಟ್ಟಿದೀವಿ. ಪೂರ್ತಿ ಇದೆ, ಅಳೆದು ನೋಡ್ಕೋ."

ಮಗ ಅಮ್ಮನ ಕಡೆ ತಿರುಗಿದ. "ಒಂದು ಸಲನೂ ಹೇಳಲಿಲ್ವಲ್ಲಮ್ಮ."

"ಹೇಳಿದ್ರೆ ಬೇಡ ಅಂತಿದ್ದೆ. ಬೇಡ ಅನ್ನಿಸಿಕೊಳ್ಳೋ ಶಕ್ತಿ ನನಗಿರಲಿಲ್ಲ."

ಮಗ ಬಗ್ಗಿ, ಏಣಿಯ ಕಾಲಿನ ಕೆಳಗೆ ಒಂದು ಚಪ್ಪಡಿ ಎಳೆದು ಹಾಕಿದ. ಸ್ಕೂಟರಿನಿಂದ ಹಗ್ಗ ತಂದು ಏಣಿಯನ್ನು ಕಿಟಕಿಯ ಸರಳಿಗೆ ಬಿಗಿದ. ಅಲ್ಲಾಡಿಸಿ ನೋಡಿದ, ಮತ್ತೆ ಬಿಗಿದ. ಅಮ್ಮನ ಕೈಯಿಂದ ಬ್ರಷ್ ತೆಗೆದುಕೊಂಡ. ನೀರಿನ ಟ್ಯಾಂಕಿನ ಮೇಲೆ ಓಡಾಡುವವನು ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟು ಅಲ್ಲೇ ನಿಂತ.

"ಹಿಡ್ಕೋತೀರಾ?" ಎಂದ, ಯಾರ ಮುಖವನ್ನೂ ನೋಡದೆ.

ಕೇಳಬೇಕೇ? ಗಡಿಯಾರದಣ್ಣ ಒಂದು ಕಾಲು ಹಿಡಿದ, ಬೇಕರಿಯವನು ಇನ್ನೊಂದು. ಪಾದ್ರಿಯವರು ಪೊರಕೆ ಕೆಳಗೆ ಬಿಟ್ಟು ಬಂದು ಸೇರಿಕೊಂಡರು. ಕೈ ಹಾಕಲು ಜಾಗ ಸಿಗದವರು ಹಿಡಿದವರ ಬೆನ್ನು ಹಿಡಿದರು. ದೊಡ್ಡಮ್ಮ ಎಲ್ಲರನ್ನೂ ತಳ್ಳಿಕೊಂಡು ನಡುವೆ ನುಗ್ಗಿ, ಕೆಳಗಿನ ಮೆಟ್ಟಿಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು.

ಮಗ ಮೇಲೆ ಹೋದ. ಬಳಿಯುವ ಸದ್ದು ಬರಲಿಲ್ಲ. ಬೇಕರಿಯವನು ಕೆರೆದ ಜಾಗದ ಹತ್ತಿರ ಮುಖ ಇಟ್ಟು, ಅಂಗೈಯಿಂದ ಗೋಡೆ ಒರೆಸುತ್ತಿದ್ದ. ಅಲ್ಲಿ ಹೊಸ ಸುಣ್ಣದ ಪದರ ಎದ್ದುಹೋಗಿ, ಅದರ ಅಡಿಯಲ್ಲಿ ಕಲ್ಲಿನ ಹಾಗೆ ಗಟ್ಟಿಯಾಗಿ ಕೂತ ಹಳೆಯ ಸುಣ್ಣ ಹೊರಗೆ ಬಂದಿತ್ತು. ಅಗಲ ಬ್ರಷ್ಷಿನ ಎಳೆ ಎಳೆ ಗುರುತು ಎಡದಿಂದ ನೆಟ್ಟಗೆ ಬಂದು, ಸ್ವಲ್ಪ ದೂರದಲ್ಲಿ, ಇನ್ನೊಂದು ಅಂಗುಲವೂ ಮುಂದೆ ಹೋಗದೆ, ಒಮ್ಮೆಗೇ ನಿಂತುಬಿಟ್ಟಿತ್ತು.

"ಏನೋ ಅದು?" ಎಂದು ಕೆಳಗಿನಿಂದ ದೊಡ್ಡಮ್ಮ ಕೂಗಿದಳು. "ತಲೆ ಸುತ್ತುತ್ತಿದ್ರೆ ಇಳಿದುಬಾ ಮಗನೇ, ಪರವಾಗಿಲ್ಲ."

"ಇಲ್ಲಮ್ಮ." ಅವನ ಅಂಗೈ ಗೋಡೆಯ ಮೇಲೇ ಇತ್ತು. "ಅಪ್ಪ ಅವತ್ತು ನನ್ನ ಪಾಲಲ್ಲಿ ಒಂದಿಷ್ಟು ಮಾಡಿಟ್ಟಿದಾರೆ. ಇಲ್ಲಿಗೆ ನಿಂತಿದೆ ಅವರ ಕೈ."

ಕೆಳಗೆ ನಿಂತವರೆಲ್ಲ ಏಣಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದರು. ದೊಡ್ಡಮ್ಮ ಡಾಕ್ಟರ ಮಾತು ಮರೆತು ಕಣ್ಣು ತುಂಬ ಅತ್ತಳು.

"ಸುಣ್ಣ ಕೊಡಿ" ಎಂದ ಮಗ. "ಇಲ್ಲಿಂದಲೇ ಶುರುಮಾಡ್ತೀನಿ."